ಕಡಲಿಗೆ ಹೊರಟವರ ಚೀಲದಲ್ಲಿ ನಮ್ಮ ಬಟ್ಟೆ

(ಮಹಿಳಾ ವೇದಿಕೆಯ ದೀಪಾವಳಿ ಪೂರ್ವ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಪ್ರವಾಸದ ತಯಾರಿ ಬಗ್ಗೆ ಹದಿನೈದು ನಿಮಿಷ ಮಾತಾಡಿ ಅಂದರು. ಟಿಕೆಟು, ಹೋಟೆಲು, ತಿಂಡಿ ಎಲ್ಲ ಸೇರಿಸಿಕೊಂಡರೆ ಹದಿನೈದು ನಿಮಿಷ ಸಾಲುವುದಿಲ್ಲ. ಹಾಗಾಗಿ ನಾನು ಒಂದೇ ವಿಷಯ ಹಿಡಿದುಕೊಂಡಿದ್ದೇನೆ. ಸಮುದ್ರದ ಊರಿಗೆ ಹೋಗುವಾಗ ಚೀಲದಲ್ಲಿ ಯಾವ ಬಟ್ಟೆ ಇರಬೇಕು ಅನ್ನುವುದು. ಯಾಕೆಂದರೆ ಇಲ್ಲಿ ದೀಪಾವಳಿಗೆ ಶಾಲೆಗಳಿಗೆ ಮೂರು ವಾರ ರಜೆ. ನಮ್ಮಲ್ಲಿ ಅರ್ಧ ಜನ ದ್ವಾರಕೆ, ಸೋಮನಾಥ, ದೀವ್ ಅಂತ ಹೊರಡುತ್ತಾರೆ. ಉಳಿದವರು ಆಗಲೋ ಡಿಸೆಂಬರಿನಲ್ಲೋ ಕೊಂಕಣ ರೈಲು ಹಿಡಿದು ಕಾರವಾರ, ಉಡುಪಿ, ಮಂಗಳೂರು ಕಡೆಗೆ. ಎಲ್ಲಿ ಹೋದರೂ ಕಡಲು ತಪ್ಪುವುದಿಲ್ಲ.

"ಹಿತವಾದ ಹವೆ, ಅದಕ್ಕೇನು ತಯಾರಿ, ನಾಲ್ಕು ಜೊತೆ ತುಂಬಿಕೊಂಡರಾಯಿತು" ಅಂತ ಮನೆಯಲ್ಲಿ ಗಂಡಸರು ಹೇಳುತ್ತಾರೆ. ತುಂಬುವವರು ಅವರಲ್ಲವಲ್ಲ! ಶಿಮ್ಲಾಕ್ಕೆ ಹೋಗುವುದಾದರೆ ಯೋಚನೆಯೇ ಬೇಡ, ಉಣ್ಣೆ ಬಟ್ಟೆ ತುಂಬಿದರೆ ಮುಗಿಯಿತು. ಹಿತವಾದ ಹವೆಯೇ ಕಷ್ಟ. ಬೆಳಗಿನ ಜಾವ ಒಂದು, ಮಧ್ಯಾಹ್ನ ಒಂದು, ಸಂಜೆ ಗಾಳಿಗೆ ಇನ್ನೊಂದು.

ಆದರೆ ನಾನು ಈ ವಿಷಯ ಆರಿಸಿಕೊಂಡದ್ದು ಹವೆಯ ಕಾರಣಕ್ಕಲ್ಲ. ದೀವ್‌ನ ನಾಗೋವಾ ಬೀಚಿಗೋ ನಮ್ಮ ಮಲ್ಪೆಗೋ ಯಾವುದಾದರೂ ಸಂಜೆ ಹೋಗಿ ನೋಡಿ. ಗಂಡಸರು ನೀರಲ್ಲಿ, ಮಕ್ಕಳು ನೀರಲ್ಲಿ. ಒಣ ಮರಳಿನ ಮೇಲೆ ಸಾಲಾಗಿ ಹೆಂಗಸರು. ಒಂದು ಕೈಯಲ್ಲಿ ಎಲ್ಲರ ಚಪ್ಪಲಿ, ಇನ್ನೊಂದು ಕೈಯಲ್ಲಿ ಮೊಬೈಲು, ಹೆಗಲ ಮೇಲೆ ಮೂರು ಟವಲು. "ನೀವ್ಯಾಕ್ರೀ ಇಳಿಯಲಿಲ್ಲ?" ಅಂತ ಕೇಳಿದರೆ ಹತ್ತರಲ್ಲಿ ಎಂಟು ಜನ ಕೊಡುವ ಉತ್ತರ ಒಂದೇ, "ಬಟ್ಟೆ ತಂದಿಲ್ಲ." ಮನೆಯ ನಾಲ್ಕು ಜನಕ್ಕೆ ಬಟ್ಟೆ ತುಂಬಿದವಳು ಅವಳೇ. ಮಕ್ಕಳಿಗೆ ನೀರಿಗೆ ಬೇರೆ, ದೇವಸ್ಥಾನಕ್ಕೆ ಬೇರೆ, ರಾತ್ರಿಗೆ ಬೇರೆ ಅಂತ ಲೆಕ್ಕ ಹಾಕಿದವಳೂ ಅವಳೇ. ತನ್ನ ಪಾಲಿಗೆ ಬಂದಾಗ ಫೋಟೋಗೆ ಚೆನ್ನಾಗಿ ಕಾಣುವ ಮೂರು ಡ್ರೆಸ್, ಒಂದು ಸೀರೆ. ಒದ್ದೆಯಾಗಬಹುದಾದ ಬಟ್ಟೆ ಒಂದೂ ಇಲ್ಲ. ಇಲ್ಲಿಂದ ರಾತ್ರಿಯಿಡೀ ಪ್ರಯಾಣ ಮಾಡಿ, ದುಡ್ಡು ಕೊಟ್ಟು ಹೋಗಿ, ಪಾದ ತೋಯಿಸಿಕೊಂಡು ಬರುತ್ತೇವೆ. ಇದು ನನಗೆ ಸರಿ ಕಾಣುವುದಿಲ್ಲ.

ಮೊದಲು ಹವೆ ಬೇಗ ಮುಗಿಸುತ್ತೇನೆ. ನೀರು ನಿಧಾನ ಕಾಯುತ್ತದೆ, ನಿಧಾನ ತಣಿಯುತ್ತದೆ. ಅದಕ್ಕೇ ಕಡಲ ಪಕ್ಕದ ಊರಲ್ಲಿ ಹಗಲು ರಾತ್ರಿಗಳ ನಡುವೆ ನಮ್ಮ ಅಹಮದಾಬಾದಿನಷ್ಟು ಅಂತರ ಇರುವುದಿಲ್ಲ. ಇಲ್ಲಿ ಜನವರಿ ರಾತ್ರಿ 12 ಡಿಗ್ರಿ ಆಸುಪಾಸಿಗೆ ಇಳಿದರೆ ಮಂಗಳೂರಿನಲ್ಲಿ ಆಗಲೂ 20ರ ಮೇಲೆಯೇ. ದ್ವಾರಕೆ ಇವೆರಡರ ನಡುವೆ. ಅಲ್ಲಿ ಚಳಿಗಿಂತ ಗಾಳಿ ಜಾಸ್ತಿ. ದ್ವಾರಕಾಧೀಶನ ಗೋಪುರದ ಮೇಲಿನ 52 ಗಜದ ಧ್ವಜ ಹೇಗೆ ಹಾರುತ್ತದೆ ನೋಡಿದ್ದೀರಲ್ಲ, ಆ ಗಾಳಿಯೇ ನಮ್ಮ ಕಿವಿಗೂ ಬಡಿಯುವುದು. 2024ರಲ್ಲಿ ಬೇಟ್ ದ್ವಾರಕೆಗೆ ಸುದರ್ಶನ ಸೇತು ಆದಮೇಲೆ ದೋಣಿಯ ಅವಸರ ತಪ್ಪಿದೆ, ಆದರೆ ಸೇತುವೆಯ ಮೇಲೆ ನಡೆಯುವಾಗ ಸೆರಗು, ವೇಲು ಯಾವುದೂ ನಿಲ್ಲುವುದಿಲ್ಲ. ಇದಕ್ಕೆ ದಪ್ಪ ಸ್ವೆಟರ್ ಬೇಡ. ತೆಳುವಾದ, ಗಾಳಿ ತಡೆಯುವ ಒಂದು ಜಾಕೆಟ್, ತಲೆಗೆ ಕಟ್ಟಲು ಹತ್ತಿಯ ಸ್ಕಾರ್ಫ್, ಒಂದು ಶಾಲು. ಚಳಿಗಾಲದಲ್ಲಿ ಟಿಬೆಟನ್ನರ ಮಾರ್ಕೆಟಿನಲ್ಲಿ ಮಕ್ಕಳಿಗೆ ಕೊಳ್ಳುತ್ತೇವಲ್ಲ, ಆ ದಪ್ಪ ಜಾಕೆಟ್ಟುಗಳು ಅರ್ಧ ಸೂಟ್‌ಕೇಸ್ ತಿನ್ನುತ್ತವೆ. ಅವನ್ನು ಮನೆಯಲ್ಲೇ ಬಿಡಿ. ಎ.ಸಿ. ಸ್ಲೀಪರ್ ಬಸ್ಸಿನ ಚಳಿಗೆ ಅದೇ ಶಾಲು ಸಾಕು.

ಗಾಳಿಯ ಇನ್ನೊಂದು ಮೋಸ ಎಂದರೆ ಬಿಸಿಲು ಗೊತ್ತಾಗದಂತೆ ಮಾಡುವುದು. ಮೈ ತಂಪಾಗಿರುತ್ತದೆ, ಸಂಜೆ ಕನ್ನಡಿ ನೋಡಿದರೆ ಮೂಗು, ಕುತ್ತಿಗೆ, ಮುಂಗೈ ಕೆಂಪು. ಉದ್ದ ತೋಳಿನ ಕುರ್ತಿ ಸೆಕೆಗೆ ಬೇಡ ಅನಿಸಿದರೂ ಕಡಲ ದಂಡೆಗೆ ಅದೇ ಒಳ್ಳೆಯದು.

ಈಗ ಬಟ್ಟೆಗೆ ಬರೋಣ. ನಾವು ಇರುವುದೇ ಬಟ್ಟೆಯ ನಾಡಿನಲ್ಲಿ. 1861ರಲ್ಲಿ ರಣಛೋಡಲಾಲ್ ಛೋಟಾಲಾಲ್ ಅವರ ಗಿರಣಿ ಶುರುವಾದಾಗಿನಿಂದ ಅಹಮದಾಬಾದು ಹತ್ತಿಯ ಊರು. ಸುರತ್ ಪಾಲಿಯೆಸ್ಟರಿನ ಊರು. ನಮ್ಮ ಸಂಘದಲ್ಲಿ ಇದರ ಮೇಲೆ ತಮಾಷೆಯ ಜಗಳ ನಡೆಯುತ್ತಲೇ ಇರುತ್ತದೆ. ಅಹಮದಾಬಾದಿನವರು "ಅಯ್ಯೋ, ಸಿಂಥೆಟಿಕ್ಕಾ!" ಅಂತ ಮೂಗು ಮುರಿಯುತ್ತಾರೆ. ಕಡಲ ವಿಷಯದಲ್ಲಿ ನಾನು ಇಬ್ಬರ ಪಕ್ಷವನ್ನೂ ಹಿಡಿಯುತ್ತೇನೆ. ಸಾಧಾರಣ ಗಾಳಿಯಲ್ಲಿ ಸುಮ್ಮನೆ ನೇತು ಹಾಕಿದ ಹತ್ತಿ ಬಟ್ಟೆ ಕೂಡ ತನ್ನ ತೂಕದ ಶೇಕಡ 8ರಷ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಶೇಕಡ ಅರ್ಧಕ್ಕಿಂತ ಕಡಿಮೆ. ಓಡಾಡುವಾಗ ಹತ್ತಿ ಬೆವರು ಹೀರಿ ಮೈ ಹಗುರ ಮಾಡುತ್ತದೆ. ಅದೇ ಹತ್ತಿ ನೀರಿಗೆ ಬಿದ್ದರೆ ಭಾರವಾಗಿ ಜೋಲುತ್ತದೆ, ಒಣಗಲು ದಿನ ಹಿಡಿಯುತ್ತದೆ. ಪಾಲಿಯೆಸ್ಟರ್ ಬಿಸಿಲಲ್ಲಿ ನಡೆಯಲು ಅಂಟಂಟು, ಆದರೆ ನೀರಿನಿಂದ ಬಂದು ಕೊಡವಿ ಹಾಕಿದರೆ ಊಟ ಮುಗಿಸುವಷ್ಟರಲ್ಲಿ ಒಣಗಿರುತ್ತದೆ. ಹಾಗಾಗಿ ದಂಡೆಯ ಮೇಲೆ ಅಹಮದಾಬಾದು, ನೀರಿನೊಳಗೆ ಸುರತ್ತು. ವಡೋದರಾದವರು ಎರಡೂ ಕೊಳ್ಳಲಿ!

ನೀರಿಗಿಳಿಯುವ ಬಟ್ಟೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಇದು ಬರೀ ಅನುಕೂಲದ ಮಾತಲ್ಲ.

ಸೀರೆ ಉಟ್ಟು ಸಮುದ್ರಕ್ಕೆ ಇಳಿಯಬೇಡಿ. ಐದೂವರೆ ಮೀಟರ್ ಬಟ್ಟೆ, ಒಳಗೆ ಲಂಗ. ಮೊಣಕಾಲು ಮಟ್ಟದ ನೀರಿನಲ್ಲೇ ನಿಂತಿದ್ದರೂ ತೆರೆ ಹಿಂದಕ್ಕೆ ಎಳೆಯುವಾಗ ನೆರಿಗೆಯೆಲ್ಲ ನೀರು ತುಂಬಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಬಿದ್ದರೆ ಏಳಲು ಆಗುವುದಿಲ್ಲ. ನಮ್ಮ ಅಜ್ಜಿಯರ ಕಚ್ಚೆ ಸೀರೆಯಲ್ಲಿ ಕಾಲೆರಡೂ ಬಿಡಿ ಇರುತ್ತಿದ್ದವು. ಮೀನುಗಾರರ ಮನೆಯ ಹೆಂಗಸರೂ ನೀರಿನ ಹತ್ತಿರ ಕೆಲಸಕ್ಕೆ ಸೀರೆಯನ್ನು ಎತ್ತಿ ಬಿಗಿಯಾಗಿ ಸಿಕ್ಕಿಸಿಕೊಳ್ಳುತ್ತಾರೆ. ನಾವು ಉಡುವ ರೀತಿಯ ಸೀರೆ ಮಾತ್ರ ನೀರಿಗೆ ಅಲ್ಲವೇ ಅಲ್ಲ. ಪಲಾಝೋ ಕೂಡ ಹಾಗೆಯೇ, ಗಾಳಿಗೆ ಚೆಂದ, ನೀರಿನಲ್ಲಿ ಎರಡು ಚೀಲ ಕಟ್ಟಿಕೊಂಡಂತೆ. ಜೀನ್ಸ್ ಒದ್ದೆಯಾದರೆ ಬಿಚ್ಚುವುದೇ ಒಂದು ಕೆಲಸ, ಮರುದಿನ ಹೊರಡುವಾಗಲೂ ಒಣಗಿರುವುದಿಲ್ಲ. ವೇಲು ಕುತ್ತಿಗೆಗೆ ಸುತ್ತಿಕೊಂಡು ನೀರಿಗೆ ಹೋಗುವುದು, ದೀವ್‌ನಲ್ಲಿ ಬಾಡಿಗೆ ಸ್ಕೂಟರ್ ಹತ್ತುವುದು, ಎರಡೂ ಬೇಡ. ಚಕ್ರಕ್ಕೆ ವೇಲು ಸಿಕ್ಕಿದರೆ ಏನಾಗುತ್ತದೆ ಅಂತ ಇಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಗೊತ್ತು.

ಹಾಗಾದರೆ ಏನು ಹಾಕಿಕೊಳ್ಳುವುದು? ಪೂರ್ತಿ ತೋಳು, ಪಾದದವರೆಗೆ ಬರುವ ಈಜುಡುಗೆಗಳು ಈಗ ಎಲ್ಲ ಸೈಜಿನಲ್ಲೂ ಸಿಗುತ್ತವೆ. ಮೈ ಮುಚ್ಚುತ್ತದೆ, ಬಿಸಿಲೂ ತಡೆಯುತ್ತದೆ. ಕೊಳ್ಳಲು ಮನಸ್ಸಿದ್ದರೆ ಕೊಳ್ಳಿ, ಮಕ್ಕಳ ಬಾಯಿಗೆ ಹೆದರಬೇಡಿ. ಬೇಡ ಅನ್ನುವವರಿಗೆ ಮನೆಯಲ್ಲೇ ಇದೆ. ತೊಡೆಯ ಮಧ್ಯದವರೆಗೆ ಬರುವ, ಪಕ್ಕ ಸೀಳಿರುವ ಪಾಲಿಯೆಸ್ಟರ್ ಟಾಪ್, ಕೆಳಗೆ ಮೈಗೆ ಹತ್ತುವ ಕಪ್ಪು ಲೆಗ್ಗಿಂಗ್ಸ್. ವಾಕಿಂಗಿಗೆ ಹಾಕುವ ಟ್ರ್ಯಾಕ್ ಪ್ಯಾಂಟ್ ತೆಳುವಾಗಿದ್ದರೆ ಅದೂ ಆಗುತ್ತದೆ. ಬಣ್ಣ ಗಾಢವಾಗಿರಲಿ, ಮೇಲೆ ಪ್ರಿಂಟ್ ಇರಲಿ. ಬಿಳಿ, ತಿಳಿ ಹಳದಿ, ತಿಳಿ ಗುಲಾಬಿ ಬಟ್ಟೆ ಒದ್ದೆಯಾದರೆ ಮೈಯೆಲ್ಲ ಕಾಣುತ್ತದೆ. ಎಷ್ಟೋ ಜನ ಮೊದಲ ತೆರೆಗೇ ಓಡಿ ಬಂದು ಟವಲು ಹೊದ್ದುಕೊಳ್ಳುವುದು ಇದರಿಂದಲೇ. ಕಛ್‌ನ ಅಜ್ರಖ್ ಆಗಲಿ, ಬಾಂಧಣಿ ಆಗಲಿ ಹೊಸದಾಗಿದ್ದರೆ ನೀರಿಗೆ ಬೇಡ, ಬಣ್ಣ ಬಿಟ್ಟರೆ ಹೋಟೆಲಿನ ಟವಲಿಗೂ ಹತ್ತುತ್ತದೆ. ಮತ್ತೆ, ಒಳ ಉಡುಪು ಎರಡು ಜೊತೆ ಹೆಚ್ಚಿಗೆ. ಇದನ್ನು ಸಭೆಯಲ್ಲಿ ಹೇಳಬೇಕೇ ಅನ್ನಬೇಡಿ. ಅದು ಒಣಗಲಿಲ್ಲ ಅಂತ ಎರಡನೇ ದಿನ ನೀರಿಗೆ ಇಳಿಯದವರನ್ನು ನೋಡಿದ್ದೇನೆ.

ಬಟ್ಟೆ ಇದ್ದರೂ ಬದಲಿಸುವುದು ಎಲ್ಲಿ ಅನ್ನುವುದು ಮುಂದಿನ ಪ್ರಶ್ನೆ. 2020ರಲ್ಲಿ ನಮ್ಮ ದೇಶದ ಎಂಟು ಬೀಚುಗಳಿಗೆ ಮೊದಲ ಸಲ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದರಲ್ಲಿ ದ್ವಾರಕೆಯ ಹತ್ತಿರದ ಶಿವರಾಜಪುರ, ದೀವ್‌ನ ಘೋಘ್ಲಾ, ಕರ್ನಾಟಕದಲ್ಲಿ ಹೊನ್ನಾವರದ ಕಾಸರಕೋಡು ಮತ್ತು ಪಡುಬಿದ್ರಿ ಇವೆ. ನಾವು ಹೋಗುವ ದಾರಿಯಲ್ಲೇ ನಾಲ್ಕು! ಆ ಮಾನ್ಯತೆಯ ಬೀಚುಗಳಲ್ಲಿ ಸಾಮಾನ್ಯವಾಗಿ ಜೀವರಕ್ಷಕರು, ಶೌಚಾಲಯ, ಬಟ್ಟೆ ಬದಲಿಸುವ ಜಾಗ ಎಲ್ಲ ಇರುತ್ತವೆ. ಹೆಂಗಸರು ಇರುವ ಗುಂಪು ಬೀಚು ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ. ಆ ಸೌಕರ್ಯ ಇಲ್ಲದ ಕಡೆ ನಮ್ಮ ನೈಟಿಯೇ ಕೋಣೆ. ದೊಡ್ಡ ಅಳತೆಯ, ಮುಂದೆ ಜಿಪ್ ಇರುವ ಗಾಢ ಬಣ್ಣದ ನೈಟಿ ಒಂದನ್ನು ಒದ್ದೆ ಬಟ್ಟೆಯ ಮೇಲೆ ಹಾಕಿಕೊಂಡು, ತೋಳು ಒಳಗೆ ಎಳೆದುಕೊಂಡು, ಒಳಗಿಂದಲೇ ಎಲ್ಲ ಬದಲಿಸಬಹುದು. ದ್ವಾರಕೆಯ ಗೋಮತಿ ಘಾಟಿನಲ್ಲಿ ಸ್ನಾನ ಮಾಡುವವರಿಗೂ ಇದು ಉಪಯೋಗ. ಅಲ್ಲಿಂದ 56 ಮೆಟ್ಟಿಲು ಹತ್ತಿ ಸ್ವರ್ಗದ್ವಾರದಿಂದ ದರ್ಶನಕ್ಕೆ ಹೋಗುವಾಗ ಒದ್ದೆ ಬಟ್ಟೆಯಲ್ಲಿ ಆ ಗಾಳಿಗೆ ಒಡ್ಡಿಕೊಳ್ಳುವುದು ಬೇಡ. ಮುಟ್ಟಿನ ದಿನಗಳು ಪ್ರವಾಸದ ನಡುವೆ ಬರುವಂತಿದ್ದರೆ ಪ್ಯಾಡು ಮನೆಯಿಂದಲೇ ತುಂಬಿಕೊಳ್ಳಿ, ದಂಡೆಯ ಗೂಡಂಗಡಿಯಲ್ಲಿ ತೆಂಗಿನಕಾಯಿ ನೀರು ಸಿಗುತ್ತದೆ, ಇದು ಸಿಗುವುದಿಲ್ಲ.

ಎಲ್ಲ ಕಡಲೂ ಒಂದೇ ಅಲ್ಲ ಅನ್ನುವುದನ್ನು ಸುರತ್, ವಡೋದರಾದವರಿಗೆ ನಾನು ಹೇಳಬೇಕಾಗಿಲ್ಲ. ಡುಮಸ್, ತಿಥಲ್‌ಗಳ ಮರಳು ಕಪ್ಪು. ಭಾನುವಾರ ಸಂಜೆ ಡುಮಸ್‌ನಲ್ಲಿ ಟೊಮೆಟೊ ಭಜಿಯಾ ತಿನ್ನಲು ಹೋಗುವವರು ಬಿಳಿ ಸಲ್ವಾರ್ ಹಾಕಿಕೊಂಡು ಹೋದರೆ ಅಂಚು ಮತ್ತೆ ಬೆಳ್ಳಗಾಗುವುದಿಲ್ಲ. ಖಂಭಾತ್ ಕೊಲ್ಲಿಯಲ್ಲಿ ಉಬ್ಬರ ಇಳಿತಗಳ ಅಂತರ ದೇಶದಲ್ಲೇ ಹೆಚ್ಚು, ಭಾವನಗರದ ಕಡೆ 10 ಮೀಟರ್ ದಾಟುವುದೂ ಉಂಟು. ವಡೋದರಾದವರು ಹೋಗುವ ಕಾವಿ ಕಂಬೋಯಿಯ ಸ್ತಂಭೇಶ್ವರ ಉಬ್ಬರಕ್ಕೆ ಮುಳುಗುವ ದೇವಸ್ಥಾನ. ಭಾವನಗರ ಹತ್ತಿರದ ಕೋಳಿಯಾಕ್‌ನಲ್ಲಿ ನಿಷ್ಕಳಂಕ ಮಹಾದೇವನ ದರ್ಶನಕ್ಕೆ ಇಳಿತದ ಹೊತ್ತಿನಲ್ಲಿ ಸಮುದ್ರದ ತಳದ ಮೇಲೇ ನಡೆದು ಹೋಗಬೇಕು. ಇಂಥ ಕಡೆ ರೇಷ್ಮೆ ಸೀರೆಯಲ್ಲಿ ಬಂದವರು ಎರಡು ಕೈಯಲ್ಲೂ ನೆರಿಗೆ ಎತ್ತಿ ಹಿಡಿದಿರುತ್ತಾರೆ. ಕಾಲು ಜಾರಿದರೆ ಊರಿಕೊಳ್ಳಲು ಕೈಯೇ ಇಲ್ಲ. ಮೀನಖಂಡದ ಮಟ್ಟಕ್ಕೆ ಮಡಿಚಬಹುದಾದ ಚೂಡಿದಾರ್, ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಇಲ್ಲಿಗೆ ಸರಿ. ಹವಾಯಿ ಚಪ್ಪಲಿ ಕೆಸರಿನಲ್ಲಿ ಉಳಿದುಬಿಡುತ್ತದೆ. ಚರ್ಮದ ಚಪ್ಪಲಿ ಉಪ್ಪುನೀರು ಕುಡಿದರೆ ಬಿರುಕು ಬಿಡುತ್ತದೆ.

ದೇವಸ್ಥಾನದ ಜೊತೆ ಬಟ್ಟೆ ಬೇರೆಯೇ ಇರಲಿ, ಅದೂ ಮೇಲುಗಡೆಯೇ ಇರಲಿ. ಸೋಮನಾಥದಲ್ಲಿ ಮೊಬೈಲು, ಕ್ಯಾಮೆರಾ, ಬ್ಯಾಗು ಎಲ್ಲ ಹೊರಗೆ ಇಟ್ಟು ಹೋಗಬೇಕು. ಟೋಕನ್, ಕಾಣಿಕೆಯ ಹಣ ಇಡಲು ಕಿಸೆ ಇರುವ ಕುರ್ತಾ ಎಷ್ಟು ಸುಖ ಅಂತ ಅಲ್ಲಿ ಗೊತ್ತಾಗುತ್ತದೆ. ನಮ್ಮ ಬಟ್ಟೆಗೆ ಕಿಸೆ ಯಾಕೆ ಇಡುವುದಿಲ್ಲ ಅನ್ನುವುದು ಇನ್ನೊಂದು ಭಾಷಣದ ವಿಷಯ. ಊರಿನ ಕಡೆ ಹೋದರೆ ಗಂಡಸರಿಗೆ ಒಂದು ಪಂಚೆ, ಶಲ್ಯ ಬೇಕೇ ಬೇಕು. ಉಡುಪಿ, ಧರ್ಮಸ್ಥಳ, ಗೋಕರ್ಣ ಎಲ್ಲ ಕಡೆ ಅವರು ಅಂಗಿ ತೆಗೆಯಬೇಕಾಗುತ್ತದೆ. ಇದನ್ನು ನಾನು ಹೇಳುತ್ತಿರುವುದು ನೀವು ತುಂಬಲಿ ಅಂತಲ್ಲ, ಅವರಿಗೆ ನೆನಪಿಸಲಿ ಅಂತ.

ಊರಿನ ಪ್ರಯಾಣದ ಕಷ್ಟವೇ ಬೇರೆ. ಓಖಾ–ಎರ್ಣಾಕುಳಂ, ಗಾಂಧಿಧಾಮ–ನಾಗರಕೋಯಿಲ್ ರೈಲುಗಳು ನಮ್ಮ ಮೂರೂ ಊರುಗಳನ್ನು ಹಾದು ಕೊಂಕಣ ಹಿಡಿಯುತ್ತವೆ. ಡಿಸೆಂಬರಿನಲ್ಲಿ ಇಲ್ಲಿ ಹತ್ತುವಾಗ ಸ್ವೆಟರ್, ಮರುದಿನ ಕಾರವಾರ ಬರುವಷ್ಟರಲ್ಲಿ ಬೆವರು. ಅಲ್ಲಿ ಮಧ್ಯಾಹ್ನ 32 ಡಿಗ್ರಿ ಇದ್ದರೂ ಇಲ್ಲಿನಂತೆ ಒಣ ಬಿಸಿಲಲ್ಲ, ತೇವದ ಬಿಸಿಲು. ಮೂರು ತೆಳುವಾದ ಪದರ ಹಾಕಿಕೊಂಡರೆ ದಾರಿಯಲ್ಲಿ ಒಂದೊಂದಾಗಿ ತೆಗೆಯಬಹುದು. ಇಲ್ಲಿ ಎರಡು ಗಂಟೆಯಲ್ಲಿ ಒಣಗುವ ಬಟ್ಟೆ ಅಲ್ಲಿ ಸಂಜೆಯವರೆಗೂ ತಣ್ಣಗೇ ಇರುತ್ತದೆ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಸೊಸೆಯಂದಿರಿಗೆ ಇದು ಗೊತ್ತಿರುವುದಿಲ್ಲ, ಎರಡೇ ಜೊತೆ ತೆಗೆದುಕೊಂಡು "ಒಗೆದುಕೊಂಡರಾಯಿತು" ಅಂತಾರೆ. ಕರಾವಳಿಗೆ ಒಂದು ಜೊತೆ ಹೆಚ್ಚು ಇರಲಿ, ಜೊತೆಗೆ ಐದು ಮೀಟರ್ ನೈಲಾನ್ ಹಗ್ಗ ಮತ್ತು ಹತ್ತು ಕ್ಲಿಪ್ಪು. ಮದುವೆಗೆ ಅಂತ ಜರಿ ಸೀರೆ ಒಯ್ಯುವವರು ಅದನ್ನು ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ, ಪ್ಲಾಸ್ಟಿಕ್ ಕವರ್ ಬೇಡ. ತೇವ ಒಳಗೆ ಸಿಕ್ಕಿಕೊಂಡರೆ ಜರಿ ಕಪ್ಪಾಗುತ್ತದೆ. ಕಡಲ ದಂಡೆಯಲ್ಲಿ ಅದನ್ನುಟ್ಟು ಫೋಟೋ ತೆಗೆಸಿಕೊಳ್ಳುವ ಆಸೆ ಇದ್ದವರು ತೆರೆಯಿಂದ ದೂರ ನಿಂತು ತೆಗೆಸಿಕೊಳ್ಳಿ.

ಮಕ್ಕಳ ವಿಷಯ ಒಂದೇ ಮಾತು. ನೀರಿಗೆ ಹಾಕುವ ಬಟ್ಟೆ ನೀಲಿ, ಬಿಳಿ, ಬೂದು ಬೇಡ, ತೆರೆಯ ನಡುವೆ ಮಗು ಕಾಣುವುದೇ ಇಲ್ಲ. ಕಣ್ಣಿಗೆ ಹೊಡೆಯುವ ಕಿತ್ತಳೆ, ಗಿಳಿಹಸಿರು ಹಾಕಿ. ನಮ್ಮ ಒಡವೆ ಬಗ್ಗೆಯೂ ಒಂದೇ. ತಣ್ಣೀರಿಗೆ ಬೆರಳು ಸಣ್ಣಗಾಗುತ್ತದೆ, ಉಂಗುರ ಜಾರುತ್ತದೆ. ಉಂಗುರ ಮನೆಯಲ್ಲಿರಲಿ, ಕುತ್ತಿಗೆಗೆ ದಾರದಲ್ಲಿ ಪೋಣಿಸಿದ ಕರಿಮಣಿ ಸಾಕು.

ಹೋದ ವರ್ಷ ಒಬ್ಬ ಹಿರಿಯರ ಜೊತೆ ಈ ಮಾತು ಬಂತು. "ನನಗ್ಯಾಕಮ್ಮಾ ಈ ವಯಸ್ಸಿನಲ್ಲಿ ನೀರಾಟ" ಅಂದರು. ಅವರು ಮೂವತ್ತು ವರ್ಷದಿಂದ ಗುಜರಾತಿನಲ್ಲಿದ್ದಾರೆ, ದ್ವಾರಕೆಗೆ ಆರು ಸಲ, ದೀವ್‌ಗೆ ಮೂರು ಸಲ ಹೋಗಿದ್ದಾರೆ. ಸೊಂಟದ ಮಟ್ಟ ನೀರಿನಲ್ಲಿ ಒಮ್ಮೆಯೂ ನಿಂತಿಲ್ಲ. ಯಾಕೆ ಅಂತ ಬಿಡಿಸಿ ಕೇಳಿದರೆ ಕಾರಣ ವಯಸ್ಸಲ್ಲ. ಮೂವತ್ತರ ವಯಸ್ಸಿನಲ್ಲೂ ಇಳಿದಿರಲಿಲ್ಲ. ಆಗ ಮಕ್ಕಳ ಚಪ್ಪಲಿ ಕಾಯುತ್ತಿದ್ದರು, ಈಗ ಮೊಮ್ಮಕ್ಕಳದ್ದು. ಅವರಿಗೆ ಒಂದು ಕಪ್ಪು ಲೆಗ್ಗಿಂಗ್ಸ್, ಒಂದು ನೇರಳೆ ಟಾಪ್ ಕೊಟ್ಟು ಕಳಿಸಿದೆ. ಶಿವರಾಜಪುರದಲ್ಲಿ ಸೊಸೆಯ ಕೈ ಹಿಡಿದು ಇಳಿದರಂತೆ. ಫೋಟೋ ಕಳಿಸಿದ್ದರು, ಕನ್ನಡಕ ಇಲ್ಲದೆ ಕಣ್ಣು ಕಿರಿದು ಮಾಡಿಕೊಂಡು ನಗುತ್ತಿದ್ದಾರೆ. ಚಪ್ಪಲಿ ಕಾದವರು ಅವರ ಯಜಮಾನರು.

ಅದಕ್ಕೆ ಈ ಸಲ ತುಂಬುವ ಕ್ರಮ ಬದಲಿಸಿ ನೋಡಿ. ನಾವು ಸಾಮಾನ್ಯವಾಗಿ ಮಕ್ಕಳದ್ದು, ಯಜಮಾನರದ್ದು, ಅತ್ತೆ ಮಾವನವರದ್ದು ತುಂಬಿ, ಥೇಪ್ಲಾ, ಚಟ್ನಿಪುಡಿ, ಅವಲಕ್ಕಿ ಡಬ್ಬಿ ಇಟ್ಟು, ಉಳಿದ ಸಂದಿಯಲ್ಲಿ ನಮ್ಮದನ್ನು ತುರುಕುತ್ತೇವೆ. ಈ ಸಲ ಮೊದಲು ನಿಮ್ಮ ನೀರಿನ ಜೊತೆ, ಟವಲು, ನೈಟಿ, ಒದ್ದೆ ಬಟ್ಟೆಗೆ ಒಂದು ಗಟ್ಟಿ ಪ್ಲಾಸ್ಟಿಕ್ ಚೀಲ ಒಟ್ಟಿಗೆ ಕಟ್ಟಿ ತಳದಲ್ಲಿ ಇಡಿ. ಆಮೇಲೆ ಉಳಿದವರದ್ದು. ಹತ್ತು ವರ್ಷ ದಾಟಿದ ಮಕ್ಕಳು ತಮ್ಮದು ತಾವೇ ತುಂಬಿಕೊಳ್ಳಲಿ. ಯಜಮಾನರಿಗೆ ಬೇರೆ ಚೀಲ ಕೊಟ್ಟುಬಿಡಿ. ಎರಡು ಎಡಗಾಲಿನ ಸಾಕ್ಸ್ ತಂದರೂ ಕಡಲ ದಂಡೆಯಲ್ಲಿ ಸಾಕ್ಸ್ ಯಾರಿಗೆ ಬೇಕು?

ಕೊನೆಯದಾಗಿ ಒಗೆಯುವುದು. ಸಮುದ್ರದ ನೀರು ಹಾಗೇ ಒಣಗಿದರೆ ಬಟ್ಟೆಯಲ್ಲಿ ಉಪ್ಪು ಉಳಿಯುತ್ತದೆ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಅದಕ್ಕೇ ಎಷ್ಟು ಒಣಗಿಸಿದರೂ ಬಟ್ಟೆ ಜಿಗುಟು. ಹೋಟೆಲಿಗೆ ಬಂದ ತಕ್ಷಣ ಬಕೆಟ್ ಸಿಹಿನೀರಿನಲ್ಲಿ ಎರಡು ಸಲ ಅದ್ದಿ ತೆಗೆಯಿರಿ, ಸೋಪು ಬೇಡ. ಮರಳನ್ನು ಒಣಗಿದ ಮೇಲೆ ಕೊಡವಿದರೆ ಸುಲಭವಾಗಿ ಉದುರುತ್ತದೆ, ಒದ್ದೆಯಲ್ಲಿ ಉಜ್ಜಿದರೆ ಇನ್ನೂ ಒಳಗೆ ಸೇರುತ್ತದೆ. ಮನೆಗೆ ಬಂದು ನೇರ ಮೆಷಿನ್ನಿಗೆ ಹಾಕಬೇಡಿ, ಮೊದಲು ಬಾಲ್ಕನಿಯಲ್ಲಿ ಕೊಡವಿ.

ನನ್ನ ಮಾತು ಇಷ್ಟೇ. ಸುರತ್‌ನಿಂದ ಯಾರೋ ಕೈ ಎತ್ತಿದ್ದಾರೆ, ಮೊದಲು ಅವರ ಪ್ರಶ್ನೆ ಕೇಳೋಣ, ಅಷ್ಟರಲ್ಲಿ ಚಹಾ ಬರಲಿ.